ಹದಿನೆಂಟು ಅಂಕ

ಅಮ್ಮನನ್ನು ತೊಳೆಯದೆ ಬಿಡಬೇಕೆಂದು ಭಾನುವಾರ ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಕದ ಸಾಹೇಬರು ಬರುವವರಿದ್ದರು. ಅಲ್ಲಿಯವರೆಗೆ ಮೈಗೆ ನೀರು ಮುಟ್ಟಿಸಬಾರದು. ಹಾಸುಬಟ್ಟೆ ಬದಲಿಸಬಾರದು. ತಲೆ ಬಾಚಬಾರದು. ಕಿಟಕಿ ತೆಗೆಯಬಾರದು. ಹಾಗೆಂದು ಹೇಳಿಕೊಟ್ಟವಳು ನೆರವಿನಕ್ಕ. ಒಪ್ಪಿಕೊಂಡವಳು ಮಗಳು. ಅಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ, ಒಂದು ಮಾರು ದೂರದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಮಗಳು ಬಟ್ಟೆ ತೊಳೆಯುವವಳು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೆಲಸ. ದಿನಕ್ಕೆ ಆರುನೂರು ಹಾಸುಬಟ್ಟೆ. ರಕ್ತ, ಕೀವು, ವಾಂತಿ, ಹೇಲು. ಯಾರದೆಂದು ಕೇಳುವಂತಿಲ್ಲ. ಹಸಿ ಬಟ್ಟೆಯ ಮೂಟೆ ಹೊತ್ತು ಹೊತ್ತು ಅವಳ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಹದಿನೇಳು ವರ್ಷದಿಂದ ಊರಿನ ರೋಗಿಗಳನ್ನೆಲ್ಲ ಬೆಳ್ಳಗಿನ ಬಟ್ಟೆಯ ಮೇಲೆ ಮಲಗಿಸಿದವಳು, ಹೆತ್ತವಳನ್ನು ಈಗ ನಾಲ್ಕು ದಿನದಿಂದ ಒಂದೇ ಬಟ್ಟೆಯ ಮೇಲೆ ಬಿಟ್ಟಿದ್ದಳು. ಹೇಲನ್ನು ಬಳಿದು ತೆಗೆಯುತ್ತಿದ್ದಳು. ಅಷ್ಟೆ. ಒರೆಸುತ್ತಿರಲಿಲ್ಲ.

ಇದೆಲ್ಲಕ್ಕೂ ಕಾರಣ ಒಂದು ಲೋಟ ನೀರು.

ಅಮ್ಮನಿಗೆ ಲಕ್ವ ಹೊಡೆದು ಐದು ವರ್ಷವಾಗಿತ್ತು. ಎಡಭಾಗ ಪೂರ್ತಿ ಹೋಗಿತ್ತು. ಬಲಗೈಯಲ್ಲಿ ಇದ್ದೂ ಇಲ್ಲದಂಥ ಜೀವ. ಸರಕಾರದ ಮನೆ ನೆರವು ಯೋಜನೆಯಲ್ಲಿ ದಿನಕ್ಕೆ ಎಂಟು ಗಂಟೆ ಒಬ್ಬ ಹೆಂಗಸನ್ನು ಕಳಿಸುತ್ತಿದ್ದರು. ಅವಳೇ ನೆರವಿನಕ್ಕ. ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬಂದವಳೇ ಬಾಗಿಲಲ್ಲೇ, "ಏನಮ್ಮಾ ಮಹಾರಾಣಿ, ನಿನ್ನ ಪಲ್ಲಕ್ಕಿ ಹೊರೋಳು ಬಂದೆ" ಅನ್ನುತ್ತಿದ್ದಳು. ಅಮ್ಮ, "ತಡ ಆಯ್ತು, ಸಂಬಳ ಮುರೀತೀನಿ" ಅನ್ನುತ್ತಿದ್ದಳು. ತೊಳೆಯುವುದು, ತಿನ್ನಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು. ಐದು ವರ್ಷದಲ್ಲಿ ಅಮ್ಮನ ಬೆನ್ನಿಗೆ ಒಂದು ಹುಣ್ಣಾಗಿರಲಿಲ್ಲ.

ಆಮೇಲೆ ಬಿಕ್ಕಟ್ಟು ಬಂತು. ಎಲ್ಲೋ ಬ್ಯಾಂಕುಗಳು ಮುಳುಗಿದವಂತೆ. ಹೊಳೆಯಾಚೆಯ ಟೈರು ಕಾರ್ಖಾನೆ ಬಾಗಿಲು ಹಾಕಿತು. ಅಂಗಡಿಬೀದಿಯಲ್ಲಿ ಒಂದು ಬಿಟ್ಟು ಒಂದು ಷಟರು ಇಳಿಯಿತು. ಸರಕಾರಕ್ಕೆ ತೆರಿಗೆ ಬರಲಿಲ್ಲ. ಹಣಕಾಸಿನ ಮಂತ್ರಿ ರೇಡಿಯೋದಲ್ಲಿ ನಿಧಾನವಾಗಿ, ದುಃಖದ ದನಿಯಲ್ಲಿ ಮಾತಾಡಿದ. ಈ ಭಾರವನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕು ಎಂದ. ಮಗಳು ಆಗ ಅಮ್ಮನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದಳು. ಎತ್ತಿದ ಹಾಗೇ ನಿಂತು ಆ ಮಾತನ್ನು ಕೇಳಿದಳು.

ಯೋಜನೆ ನಿಲ್ಲಿಸುತ್ತೇವೆಂದು ಯಾರೂ ಹೇಳಲಿಲ್ಲ. ಎಲ್ಲರನ್ನೂ ಇನ್ನೊಮ್ಮೆ ಪರೀಕ್ಷಿಸುತ್ತೇವೆಂದರು. ಇಪ್ಪತ್ತಕ್ಕೆ ಅಂಕ. ಕೈಲಾಗದಿದ್ದಷ್ಟೂ ಅಂಕ ಹೆಚ್ಚು. ಮೊದಲು ಹತ್ತು ಬಂದರೆ ನೆರವು ಸಿಗುತ್ತಿತ್ತು. ಈಗ ಹದಿನೈದು ಬರಬೇಕು. ಈ ಲೆಕ್ಕ ಹೊರಬಿದ್ದದ್ದು ಪರೀಕ್ಷೆ ಮುಗಿದ ಮೇಲೆ.

ಅಮ್ಮನಿಗೆ ಕಾಗದದಲ್ಲಿ ಕಂಡದ್ದು ಒಂದೇ ಮಾತು: ಅಧಿಕಾರಿಗಳು ಮನೆಗೆ ಬರುತ್ತಾರೆ.

ಅವಳು ಮೂವತ್ತೊಂದು ವರ್ಷ ಸರಕಾರಿ ಕಚೇರಿಯ ನಾಲ್ಕನೇ ಮಹಡಿ ಗುಡಿಸಿದವಳು. ಆ ಕೆಲಸಕ್ಕೆ ಇದ್ದದ್ದು ಒಂದೇ ನಿಯಮ. ಸಾಹೇಬರು ಬರುವ ಹೊತ್ತಿಗೆ ಎಲ್ಲ ಮುಗಿದಿರಬೇಕು. ಕಸ ಕಾಣಬಾರದು, ಬಕೆಟ್ಟು ಕಾಣಬಾರದು, ಪೊರಕೆ ಕಾಣಬಾರದು, ಗುಡಿಸಿದವಳೂ ಕಾಣಬಾರದು. ಆ ನಿಯಮ ಮೈಗೆ ಹತ್ತಿಹೋಗಿತ್ತು. ಲಕ್ವ ಹೊಡೆದರೂ ಅದು ಬಿಟ್ಟಿರಲಿಲ್ಲ.

"ಆ ಪಾತ್ರೆ ಮಂಚದ ಕೆಳಗಿಂದ ತೆಗಿಯೇ. ಸಾಹೇಬ್ರು ಕಂಡ್ರೆ ಏನಂದ್ಕೊಳ್ತಾರೆ?"

"ಕಾಯಿಲೆಯವರ ಮನೆ ಅಂದ್ಕೊಳ್ತಾರೆ."

"ಬಾಯ್ಮುಚ್ಚು. ಗೋಡೆ ಒರೆಸು. ಮೂಲೆ ನೋಡು, ಮೂಲೆ. ನಿಂಗೆ ಯಾವತ್ತೂ ಮೂಲೆ ಕಾಣಲ್ಲ."

ಮಗಳು ನೆಲ ತಿಕ್ಕಿದಳು. ಗೋಡೆ ಒರೆಸಿದಳು. ಅಮ್ಮನಿಗೆ ತಲೆಗೆ ನೀರು ಹಾಕಿ, ಬಾಚಿ, ಇದ್ದುದರಲ್ಲಿ ಹೊಸ ನಿಲುವಂಗಿ ತೊಡಿಸಿ, ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದಳು. ಆ ದಿನ ನೆರವಿನಕ್ಕನಿಗೆ ರಜೆ ಕೊಟ್ಟಿದ್ದರು. ಪರೀಕ್ಷೆಯ ದಿನ ಅವಳು ಇರಬಾರದೆಂದು ನಿಯಮ.

ಸಾಹೇಬ ಕೆಟ್ಟ ಮನುಷ್ಯನೇನಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದ.

"ಹೇಗಿದ್ದೀರಮ್ಮ?"

"ಚೆನ್ನಾಗಿದೀನಿ ಸಾರ್. ನಿಮ್ಮ ದಯ."

"ಎದ್ದು ಕೂರೋಕಾಗುತ್ತಾ?"

"ಕೂತೇ ಇದೀನಲ್ಲ ಸಾರ್."

"ಈ ಲೋಟ ಎತ್ತಿ ಕುಡೀತೀರಾ?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಬಲಗೈ ಹೊರಟಿತ್ತು. ಕುತ್ತಿಗೆಯ ನರ ಉಬ್ಬಿತು. ತುಟಿ ನೀಲಿಯಾಯಿತು. ಲೋಟ ಮೇಲೆದ್ದಿತು. ಬಾಯಿಗೆ ಮುಟ್ಟಿತು. ಒಂದು ಹನಿ ಚೆಲ್ಲಲಿಲ್ಲ. ಸಾಹೇಬರ ಮುಂದೆ ನೆಲ ಒದ್ದೆ ಮಾಡುವವಳಲ್ಲ ಅವಳು. ಲೋಟ ಇಳಿಸಿ ಮಗಳತ್ತ ನೋಡಿದಳು. ನೋಡಿದೆಯಾ, ಅನ್ನುವ ನೋಟ. ಐದು ವರ್ಷದಲ್ಲಿ ಆ ಲೋಟವನ್ನು ಅವಳು ಎತ್ತಿದ್ದು ಅದೇ ಮೊದಲು. ಸಾಹೇಬ ಹೋದ ಮೇಲೆ ಸಂಜೆಯವರೆಗೆ ಆ ಕೈ ನಡುಗುತ್ತಲೇ ಇತ್ತು.

ಹನ್ನೊಂದು ಅಂಕ ಬಂತು.

ನೆರವಿನಕ್ಕ ಕಾಗದ ಓದಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ತಾಯೇ! ಫಸ್ಟ್ ಕ್ಲಾಸಲ್ಲಿ ಪಾಸಾಗಿಬಿಟ್ಯಲ್ಲ! ಇದು ಫೇಲಾದ್ರೆ ಗೆಲ್ಲೋ ಪರೀಕ್ಷೆ ಕಣಮ್ಮ." ಅಮ್ಮ ನಗಲಿಲ್ಲ. ನೆರವಿನಕ್ಕನೂ ಆಮೇಲೆ ನಗಲಿಲ್ಲ. ಅವಳ ಜೊತೆಯ ಏಳು ಹೆಂಗಸರಲ್ಲಿ ಐವರ ಕೆಲಸ ಹೋಗಿತ್ತು, ಅವಳದೂ ಸೇರಿ.

ಮಾರನೆಯ ವಾರದಿಂದ ಮಗಳು ಬೆಳಿಗ್ಗೆ ಐದೂವರೆಗೆ ಅಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕತೊಡಗಿದಳು. ಮಧ್ಯಾಹ್ನ ಎರಡೂವರೆಗೆ ಬಂದು ತೆಗೆಯುತ್ತಿದ್ದಳು. ಒಂಬತ್ತು ಗಂಟೆ. ನೀರಿನ ಬಾಟಲಿಯನ್ನು ಮಂಚದ ಕಂಬಿಗೆ ಕಟ್ಟಿ, ಕೊಳವೆಯನ್ನು ಬಾಯಿಯ ಹತ್ತಿರ ಬಿಡುತ್ತಿದ್ದಳು. ಕೆಲವು ದಿನ ಕೊಳವೆ ಬಾಯಿಯಿಂದ ಜಾರಿರುತ್ತಿತ್ತು. ಆಗ ಅಮ್ಮನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಎರಡನೆಯ ತಿಂಗಳಿಗೆ ಬೆನ್ನಿನ ಕೆಳಗೆ ಹುಣ್ಣೆದ್ದಿತು. ಮೊದಲು ನಾಣ್ಯದಷ್ಟು. ಆಮೇಲೆ ಅಂಗೈಯಷ್ಟು.

ಕೆಲಸ ಬಿಡೋಣವೆಂದರೆ ಬಾಡಿಗೆಗೆ ಗತಿಯಿಲ್ಲ. ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ಜನ ಇದ್ದದ್ದು ಹದಿಮೂರಾಗಿತ್ತು. ಬಟ್ಟೆ ಮಾತ್ರ ಕಡಿಮೆಯಾಗಿರಲಿಲ್ಲ. ಹಸಿದವರು ಹೆಚ್ಚಿಗೆ ಕಾಯಿಲೆ ಬೀಳುತ್ತಿದ್ದರು. ಮೇಸ್ತ್ರಿ ದಿನಾ ಒಂದು ಹೆಸರಿನ ಮುಂದೆ ಪೆನ್ನು ಹಿಡಿದು ನಿಲ್ಲುತ್ತಿದ್ದ. ಎರಡು ಸಲ ತಡವಾದವಳೆಂದು ಮಗಳ ಹೆಸರಿನ ಕೆಳಗೆ ಆಗಲೇ ಎರಡು ಗೆರೆ ಇತ್ತು.

ಮೇಲ್ಮನವಿ ಬರೆದುಕೊಟ್ಟವಳು ನೆರವಿನಕ್ಕ. ಮೂರು ತಿಂಗಳ ಮೇಲೆ ಉತ್ತರ ಬಂತು. ಮತ್ತೆ ಪರೀಕ್ಷಿಸುತ್ತಾರೆ. ಅದೇ ಸಾಹೇಬ. ಗುರುವಾರ.

"ಈ ಸಲ ಮನೆ ಗುಡಿಸಿದ್ರೆ ನಿನ್ನ ಕಾಲು ಮುರೀತೀನಿ" ಎಂದಳು ನೆರವಿನಕ್ಕ ಭಾನುವಾರ. "ಏನು ಹೇಗಿದೆಯೋ ಹಾಗೇ ಬಿಡು. ಅದಕ್ಕಿಂತ ಕೆಟ್ಟದಾಗಿ ಬಿಡು. ವಾಸನೆ ಮಾತಾಡ್ಲಿ. ನೀನು ಮಾತಾಡ್ಬೇಡ."

"ಅಕ್ಕ, ಹುಣ್ಣಿದೆ."

"ಹುಣ್ಣಿಗೆ ಎರಡಂಕ ಕಣೇ."

ನೆರವಿನಕ್ಕ ಕಿಟಕಿಯ ಕಡೆ ತಿರುಗಿ ಹೇಳಿದಳು: "ನಾನೇನು ಖುಷಿಯಿಂದ ಹೇಳ್ತಿದೀನಾ ತಂಗಿ? ಐದು ವರ್ಷ ಈ ಬೆನ್ನು ಉಜ್ಜಿದ ಕೈ ಇದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಅವರ ಬ್ಯಾಂಕು ಮುಳುಗಿದ್ದಕ್ಕೆ ನಿಮ್ಮಮ್ಮನ ಸ್ನಾನ ನಿಂತಿದೆ."

ಅವಳು ಹೋದ ಮೇಲೆ ಅಮ್ಮ ಮಾತಾಡಿದಳು. ಮಾತು ತೊದಲಿದರೂ ಸ್ಪಷ್ಟವಾಗಿತ್ತು.

"ಮೂವತ್ತೊಂದು ವರ್ಷ ಅವರ ಕೊಳೆ ತೆಗ್ದೆ. ಈಗ ನನ್ನ ಕೊಳೆ ಅವರಿಗೆ ತೋರಿಸ್ಬೇಕಾ?"

"ತೋರಿಸ್ಬೇಕು."

"ನಾ ಒಲ್ಲೆ."

"ಒಲ್ಲೆ ಅನ್ನೋಕೆ ನೀನ್ಯಾರು?" ಎಂದಳು ಮಗಳು. ದನಿ ಏರಿತು. "ನೀನು ಆವತ್ತು ಆ ದರಿದ್ರ ಲೋಟ ಎತ್ತದೆ ಇದ್ದಿದ್ರೆ ಇದೆಲ್ಲ ಎಲ್ಲಿರ್ತಿತ್ತು? ಯಾರು ಎತ್ತು ಅಂದ್ರು ನಿನಗೆ? ನನಗೋಸ್ಕರ ಒಂದು ದಿನ ಎತ್ತಿದೀಯಾ?"

ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಅದೊಂದು ಅವಳ ಕೈಲಿತ್ತು. ಅಲ್ಲಿಂದಾಚೆ ಮಾತಾಡಲಿಲ್ಲ. ಸೋಮವಾರ ಮಾತಾಡಲಿಲ್ಲ. ಮಂಗಳವಾರ ಬ್ರೆಡ್ಡು ಹಾಲು ಬಾಯಿಗಿಟ್ಟರೆ ನುಂಗಿದಳು, ಮಾತಾಡಲಿಲ್ಲ. ಬುಧವಾರ ಹುಣ್ಣಿಗೆ ಬಟ್ಟೆ ಅಂಟಿಕೊಂಡು, ಹೊರಳಿಸುವಾಗ ಚರ್ಮದ ಜೊತೆ ಬಂತು. ಆಗಲೂ ಅವಳಿಂದ ಒಂದು ನರಳಿಕೆ ಹೊರಡಲಿಲ್ಲ.

ಮಗಳು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬಹುದಿತ್ತು. ತಪ್ಪಾಯ್ತಮ್ಮ ಅನ್ನಬಹುದಿತ್ತು. ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ತಪ್ಪಾಯಿತು ಎಂದರೆ ಮುಂದಿನ ಮಾತು, ತೊಳೆಯುತ್ತೇನೆ ಬಾ, ಎಂದಾಗಬೇಕಿತ್ತು. ಅದನ್ನು ಹೇಳುವಂತಿರಲಿಲ್ಲ. ಹಾಗಾಗಿ ಅವಳೂ ಸುಮ್ಮನಿದ್ದಳು. ಹತ್ತಡಿ ಕೋಣೆಯಲ್ಲಿ ಇಬ್ಬರು ಹೆಂಗಸರು ನಾಲ್ಕು ದಿನ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ಕಳೆದರು.

ನೆಲಮಾಳಿಗೆಯಲ್ಲಿ ಅವಳು ಅಪರಿಚಿತರ ಬಟ್ಟೆಗಳನ್ನು ಕುದಿನೀರಿಗೆ ಎಸೆದಳು. ಹೊರತೆಗೆದಳು, ಹಿಂಡಿದಳು, ರೋಲರಿಗೆ ಕೊಟ್ಟಳು. ಬೆಚ್ಚಗಿನ, ಬೆಳ್ಳಗಿನ, ಸೋಪಿನ ವಾಸನೆಯ ಬಟ್ಟೆ ಆಚೆಯಿಂದ ಬರುತ್ತಿತ್ತು. ಅದನ್ನು ಮಡಿಸುವಾಗ ತನ್ನ ಕೈಯಿಂದ ಅಮ್ಮನ ವಾಸನೆ ಬಂದಂತಾಯಿತು. ಕೈ ಮೂಸಿ ನೋಡಿದಳು. ಬರೀ ಸೋಪು.

"ಗುರುವಾರ ಒಂದು ದಿನ ಮಧ್ಯಾಹ್ನದ ಪಾಳಿಗೆ ಬಾ. ಒಂದು ಗಂಟೆಗೆ ಇಲ್ಲಿದ್ರೆ ಇದ್ದೀಯ. ಇಲ್ಲದಿದ್ರೆ ಇಲ್ಲ" ಎಂದ ಮೇಸ್ತ್ರಿ. "ನಿನ್ನ ಮೇಲೆ ನಂಗೇನೂ ಕೋಪ ಇಲ್ಲಮ್ಮ. ನಾನು ಒಬ್ಬರ ಹೆಸರು ಕೊಡ್ಬೇಕು. ಅಷ್ಟೇ."

ಗುರುವಾರ ಸಾಹೇಬ ಹನ್ನೊಂದೂವರೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ. ಒಳಗೆ ಒಂದು ಹೆಜ್ಜೆ ಇಟ್ಟು ನಿಂತ. ಫೈಲು ತಾನಾಗಿ ಮೂಗಿನ ಕಡೆ ಹೋಯಿತು. ಅರ್ಧದಲ್ಲಿ ನಾಚಿಕೊಂಡು ಕೆಳಗಿಳಿಸಿದ. ಮಗಳ ಒಳಗೆ ಏನೋ, ಆಯ್ತು, ಅಂದಿತು. ವಾಸನೆ ಮಾತಾಡುತ್ತಿತ್ತು.

"ಅಮ್ಮಾ, ಹೇಗಿದ್ದೀರ?"

ಉತ್ತರವಿಲ್ಲ.

"ಮಾತು ನಿಂತಿದೆಯಾ?"

"ನಾಲ್ಕು ದಿನದಿಂದ" ಎಂದಳು ಮಗಳು. ಸುಳ್ಳಾಗಿರಲಿಲ್ಲ.

ಅವನು ಬರೆದುಕೊಂಡ. ಎದ್ದು ಕೂರಲು ಹೇಳಿದ. ಅಮ್ಮ ಚಾವಣಿ ನೋಡುತ್ತಿದ್ದಳು. ಬರೆದುಕೊಂಡ. ಲೋಟ ಮುಂದಿಟ್ಟ. ಅಮ್ಮ ಅದರತ್ತ ಕಣ್ಣು ಹಾಯಿಸಲಿಲ್ಲ. ಬರೆದುಕೊಂಡ. ಅವಳ ಬಲ ಅಂಗೈಯಲ್ಲಿ ತನ್ನ ಎರಡು ಬೆರಳಿಟ್ಟು, "ಒತ್ತಿ ಹಿಡೀರಿ" ಎಂದ. ಅಂಗೈ ತೆರೆದೇ ಇತ್ತು. ಅದನ್ನೂ ಬರೆದುಕೊಂಡ. ಬೆನ್ನು ತೋರಿಸಿ ಎಂದ. ಮಗಳು ಮಗ್ಗುಲು ತಿರುಗಿಸಿ ನಿಲುವಂಗಿ ಎತ್ತಿದಳು. ಹೆತ್ತವಳ ಬೆತ್ತಲೆ ಬೆನ್ನನ್ನು ಒಬ್ಬ ಗಂಡಸಿನ ಮುಂದೆ, ಹೊಲಸಿನ ಸಮೇತ, ಎತ್ತಿ ಹಿಡಿದಳು. ಇನ್ನೂ ಸ್ವಲ್ಪ ಬೆಳಕಿಗೆ, ಎಂದ ಅವನು. ಇನ್ನೂ ಸ್ವಲ್ಪ ಬೆಳಕಿಗೆ ತಿರುಗಿಸಿದಳು.

ಅವನು ಕಾಗದದ ಕೊನೆಯಲ್ಲಿ ಕೂಡಿದ. ತುಟಿಯಲ್ಲೇ ಎಣಿಸಿ, ಇನ್ನೊಮ್ಮೆ ಎಣಿಸಿದ.

"ಹದಿನೆಂಟು" ಎಂದ.

ಮಗಳು ನಿಲುವಂಗಿ ಕೆಳಗೆಳೆದಳು. ಖುಷಿ. ನಿಜವಾದ ಖುಷಿ. ತನ್ನ ತಾಯಿ ಇಷ್ಟೊಂದು ಕೆಟ್ಟಿದ್ದಾಳೆಂದು ಸರಕಾರ ಒಪ್ಪಿಕೊಂಡ ಖುಷಿ. ಗಂಟೆ ಹನ್ನೆರಡು. ಈಗ ಬೆನ್ನು ಒರೆಸಿ, ಓಡಿದರೆ ಒಂದಕ್ಕೆ ನೆಲಮಾಳಿಗೆ ಮುಟ್ಟಬಹುದು. ನಾಳೆಯಿಂದ ನೆರವಿನಕ್ಕ ಬರುತ್ತಾಳೆ.

"ನಾಳೆಯಿಂದ ಬರ್ತಾರಾ ಸಾರ್?"

ಅವನು ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ.

"ನೋಡೀಮ್ಮ. ಹನ್ನೊಂದು ಬಂದಾಗ ನಿಮ್ಮ ಹಳೇ ಕಡತ ಮುಚ್ಚಿಹೋಗಿದೆ. ಈಗ ಇದು ಹೊಸ ಅರ್ಜಿ ಅಂತ ಲೆಕ್ಕ. ಹೊಸಬರನ್ನ ಮುಂದಿನ ಬಜೆಟ್‌ವರೆಗೆ ತಗೋಬಾರದು ಅಂತ ಈ ತಿಂಗಳು ಆದೇಶ ಬಂದಿದೆ. ಕಾಯೋರ ಪಟ್ಟಿಗೆ ಹಾಕ್ತೀನಿ."

"ಹದಿನೆಂಟು ಬಂತಲ್ಲ ಸಾರ್."

"ಬಂತು. ಆವತ್ತೇ ಬಂದಿದ್ರೆ ನೇರ ಆಗ್ತಿತ್ತು."

"ಪಟ್ಟಿಯಲ್ಲಿ ಎಷ್ಟು ಜನ?"

"ಬಿಡಿ. ಕೇಳ್ಬೇಡಿ." ಅವನು ಒಂದು ಕಾಗದ ಎಳೆದ. "ನಾವು ಹನ್ನೆರಡು ಜನ ಇದ್ವಿ, ಈಗ ಐದು. ನಂದೂ ಬಜೆಟ್‌ವರೆಗೆ ಅಷ್ಟೇ. ಇಲ್ಲಿ ಅಮ್ಮನ ಹೆಬ್ಬೆಟ್ಟು ಬೇಕು. ಇಲ್ಲದಿದ್ರೆ ಪಟ್ಟಿಗೂ ಹೋಗಲ್ಲ." ನಿಯಮದಂತೆ ಅವನು ಅದನ್ನು ಗಟ್ಟಿಯಾಗಿ ಓದಿದ. "ನನ್ನನ್ನು ಗೌರವದಿಂದ ಪರೀಕ್ಷಿಸಲಾಗಿದೆ. ತೀರ್ಮಾನ ನನಗೆ ಒಪ್ಪಿಗೆ. ನನಗೆ ಯಾವ ದೂರೂ ಇಲ್ಲ."

"ದೂರು ಇದ್ರೆ?"

"ಅದಕ್ಕೆ ಬೇರೆ ಫಾರಂ ಇತ್ತು. ಈಗ ಅಚ್ಚು ಹಾಕ್ತಿಲ್ಲ."

ಅವನು ಮಸಿಯ ಡಬ್ಬಿ ತೆರೆದ. ಎಡಗೈ ಬೇಡ, ಸ್ವಾಧೀನ ಇಲ್ಲದ ಕೈಯ ಗುರುತು ತೆಗೆದುಕೊಂಡರೆ ಮೇಲಿನವರು ತಕರಾರು ಮಾಡುತ್ತಾರೆ, ಬಲಗೈದೇ ಆಗಲಿ, ಎಂದ. ಮಗಳು ಮಂಚದ ಅಂಚಿಗೆ ಕೂತು ಅಮ್ಮನ ಬಲಗೈ ತೆಗೆದುಕೊಂಡಳು. ಕೊಟ್ಟುಬಿಡೋಣ ಎನ್ನಿಸಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕೊನೆಗೆ ತಟ್ಟೆಯಾದರೂ ಉಳಿಯಲಿ. ಪಟ್ಟಿಯಲ್ಲಾದರೂ ಹೆಸರಿರಲಿ.

ಕೈ ಮುಚ್ಚಿತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ನಡುಕವೆಂದುಕೊಂಡಳು. ಹೆಬ್ಬೆರಳನ್ನು ಹುಡುಕಿದಳು. ಅದು ನಾಲ್ಕು ಬೆರಳಿನ ಒಳಗೆ ಸಿಕ್ಕಿಕೊಂಡಿತ್ತು. ಬಿಡಿಸಲು ನೋಡಿದಳು. ಇನ್ನೂ ಬಿಗಿಯಾಯಿತು.

"ಅಮ್ಮ. ಬಿಡು."

ಅಮ್ಮ ಚಾವಣಿಯನ್ನೇ ನೋಡುತ್ತಿದ್ದಳು. ಕುತ್ತಿಗೆಯ ನರ ಉಬ್ಬಿತ್ತು.

"ಬಿಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಪಟ್ಟಿಗೂ ಹೋಗಲ್ಲ ಅಂತಿದಾರೆ. ಗಂಟೆ ನೋಡು. ನನ್ನ ಕೆಲಸ ಹೋಗುತ್ತೆ. ಬಿಡೇ!"

ಅವಳು ಹಿಂಡಿ ಬಲಿತ ಕೈಯವಳು. ಹಸಿ ಬಟ್ಟೆಯಿಂದ ನೀರಿನ ಕೊನೆಯ ಹನಿ ತೆಗೆಯುವ ಬೆರಳುಗಳು. ಆ ಬೆರಳುಗಳಿಂದ ಹೆತ್ತವಳ ಕಿರುಬೆರಳನ್ನು ಎತ್ತಿದಳು. ಎತ್ತಿ ಮುಂದಿನ ಬೆರಳಿಗೆ ಹೋಗುವಷ್ಟರಲ್ಲಿ ಕಿರುಬೆರಳು ಮತ್ತೆ ಮುಚ್ಚಿತು. ಮತ್ತೆ ಎತ್ತಿದಳು. ಉಗುರು ತಾಗಿ ಅಮ್ಮನ ತೆಳ್ಳಗಿನ ಚರ್ಮ ಸುಲಿಯಿತು. ರಕ್ತ ಬಂತು. ಅಮ್ಮ ಬಿಡಲಿಲ್ಲ. ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಒಂದ್ನಿಮಿಷ" ಎಂದ ಸಾಹೇಬ.

ಅವನು ಬಗ್ಗಿ ನೋಡುತ್ತಿದ್ದ. ತನ್ನ ಎರಡು ಬೆರಳಿನಿಂದ ಆ ಮುಷ್ಟಿಯನ್ನು ತಟ್ಟಿದ. ಒತ್ತಿದ. ಎಳೆದ.

"ಹಿಡಿತ ಇದೆಯಲ್ಲಮ್ಮ."

ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಕೂಡುವುದರಲ್ಲಿ ತಪ್ಪು ಸಿಕ್ಕವನ ಹಾಗೆ ಹೇಳಿದ. ಕಾಗದವನ್ನು ಹಿಂದಕ್ಕೆ ಮಗುಚಿದ. "ಹಿಡಿತ ಇಲ್ಲ ಅಂತ ನಾಲ್ಕು ಅಂಕ ಹಾಕಿದ್ದೆ. ಈಗ ಕಣ್ಣಾರೆ ನೋಡಿ ಬಿಡೋಕಾಗಲ್ಲ. ಹತ್ತು ಮನೆಯಲ್ಲಿ ಒಂದಕ್ಕೆ ಮೇಲಿನವರು ಬಂದು ಮತ್ತೆ ನೋಡ್ತಾರೆ. ಸಿಕ್ಕಿಬಿದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ."

ಗೆರೆ ಎಳೆದ. ಮೇಲೆ ಬರೆದ. ಹದಿನೆಂಟು ಹದಿನಾಲ್ಕಾಯಿತು.

"ಹದಿನೈದು ಬರಬೇಕಿತ್ತು" ಎಂದ ತನಗೆ ತಾನೇ. ಮಸಿಯ ಡಬ್ಬಿ ಮುಚ್ಚಿದ. ಈಗ ಹೆಬ್ಬೆಟ್ಟು ಬೇಕಾಗಿರಲಿಲ್ಲ.

ಮಗಳು ಅಮ್ಮನ ಬೆರಳುಗಳನ್ನು ಬಿಟ್ಟಳು. ತನ್ನ ಉಗುರಿನಲ್ಲಿದ್ದುದನ್ನು ನೋಡಿಕೊಂಡಳು.

"ಇನ್ನೊಂದು ಸಲ ಮೇಲ್ಮನವಿ ಹಾಕ್ಬಹುದು" ಎಂದ ಸಾಹೇಬ. "ಮೂವತ್ತು ದಿನದೊಳಗೆ. ನಾನು ಬೇಕಾದ್ರೆ..."

"ಹೊರಗೆ ಹೋಗಿ ಸಾರ್."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು..."

"ಹೊರಗೆ ಹೋಗಿ. ನಾನು ಇವಳ ಬಟ್ಟೆ ಬಿಚ್ಚಬೇಕು."

ಅವನು ಫೈಲು ಎದೆಗೊತ್ತಿಕೊಂಡು ಹೋದ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಾಲ್ಕು ಮಹಡಿ ಇಳಿಯಿತು. ಇನ್ನೂ ಆರು ಮನೆ ಇದ್ದವು ಅವನಿಗೆ ಆ ದಿನ.

ಮಗಳು ಕಿಟಕಿ ತೆಗೆದಳು. ಎರಡು ಬಕೆಟ್ಟು ತೆಗೆದುಕೊಂಡು ಕೆಳಗಿನ ನಲ್ಲಿಗೆ ಹೋದಳು, ತುಂಬಿದಳು, ಹೊತ್ತು ತಂದಳು. ಮತ್ತೆ ಹೋದಳು. ನೀರು ಕಾಯಿಸಿದಳು. ನಿಲುವಂಗಿ ಬಿಚ್ಚುವಾಗ ಹುಣ್ಣಿಗೆ ಅಂಟಿದ ಕಡೆ ನೀರು ಹನಿಸಿ ಹನಿಸಿ ಬಿಡಿಸಿದಳು. ಹೇಲು ಒಣಗಿ ತೊಡೆಗೆ ಕಚ್ಚಿತ್ತು. ನೆನೆಸಿ ತೆಗೆದಳು. ಬೆನ್ನು ತೊಳೆದಳು, ಕಂಕುಳು ತೊಳೆದಳು, ಕಾಲಿನ ಸಂದು, ಕಿವಿಯ ಹಿಂದೆ, ಬೆರಳಿನ ಸಂದು. ತಲೆಗೆ ಮೂರು ಸಲ ನೀರು ಹಾಕಿದಳು. ಕೆಳಗೆ ಬೀದಿಯಲ್ಲಿ ಜನ ಊಟಕ್ಕೆ ಹೊರಟ ಸದ್ದು ಕೇಳಿ, ಆಮೇಲೆ ಅದೂ ನಿಂತಿತು. ಒಂದು ಗಂಟೆ ಯಾವಾಗ ಆಯಿತೋ ಅವಳು ನೋಡಲಿಲ್ಲ. ನೆಲಮಾಳಿಗೆಯಲ್ಲಿ ಮೇಸ್ತ್ರಿ ಈಗ ಮೂರನೆಯ ಗೆರೆ ಎಳೆದಿರುತ್ತಾನೆ.

"ತಪ್ಪಾಯ್ತಮ್ಮ" ಎಂದಳು.

ಅಮ್ಮನ ಕಣ್ಣು ಚಾವಣಿಯಿಂದ ಇಳಿದು ಮಗಳ ಮುಖದ ಮೇಲೆ ಬಂದು ನಿಂತಿತು. ಕೈ ಇನ್ನೂ ತೆರೆದಿರಲಿಲ್ಲ. ಈಗ ತೆರೆಯಬೇಕೆಂದರೂ ಅವಳಿಂದ ಆಗುತ್ತಿತ್ತೋ ಇಲ್ಲವೋ. ಮಗಳು ಸುಲಿದ ಬೆರಳುಗಳ ಮೇಲಿನ ರಕ್ತವನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆದಳು. ಆಮೇಲೆ ಆ ಮುಷ್ಟಿಯನ್ನು ಹಾಗೇ ಬಿಟ್ಟು, ಅದರ ಸುತ್ತಲೂ ತೊಳೆದಳು.